ಹಾರಿ ಬಂದ ಹೂಮರದ ಗುಡಿ

ಜನವರಿ ಬಂತೆಂದರೆ ಜಪಾನಿನ ಮನೆಮನೆಯಲ್ಲೂ ಪರೀಕ್ಷೆಯ ಕಾವು. ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಕೂರುವ ಮಕ್ಕಳು, ಅವರಿಗಿಂತ ಹೆಚ್ಚು ಕಂಗಾಲಾದ ತಂದೆತಾಯಿಯರು ಕ್ಯೂಶೂ ದ್ವೀಪದ ದಜೈಫು ಎಂಬ ಊರಿನ ದಾರಿ ಹಿಡಿಯುತ್ತಾರೆ. ಅಲ್ಲಿರುವುದು ಶಿಂಟೊ ಧರ್ಮದ ವಿದ್ಯಾದೇವತೆ ತೆಂಜಿನ್‌ನ ಪುರಾತನ ಗುಡಿ, ದಜೈಫು ತೆನ್ಮಾನ್‌ಗು.

ಫುಕುವೊಕಾ ನಗರದಿಂದ ಇಲ್ಲಿಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ಪಯಣ. ನಿಲ್ದಾಣದಿಂದ ಗುಡಿಯವರೆಗೂ ಅಂಗಡಿಗಳ ಸಾಲು. ಕಬ್ಬಿಣದ ಅಚ್ಚಿನಲ್ಲಿ ಸುಟ್ಟ, ಸಿಹಿ ಹೂರಣ ತುಂಬಿದ ಅಕ್ಕಿಹಿಟ್ಟಿನ ಬಿಸಿ ಬಿಲ್ಲೆಗಳ ಪರಿಮಳ. ಬೀದಿಯ ಕೊನೆಯಲ್ಲಿ ಮಲಗಿದ ಎತ್ತಿನ ವಿಗ್ರಹ. ಅದರ ತಲೆ ಸವರಿದರೆ ಬುದ್ಧಿ ಚುರುಕಾಗುತ್ತದಂತೆ! ಸವರಿಸಿಕೊಂಡು ಎತ್ತಿನ ತಲೆ ಥಳಥಳ ಹೊಳೆಯುತ್ತಿರುತ್ತದೆ. ಮುಂದೆ ಕೊಳ, ಅದರ ಮೇಲೆ ಮೂರು ಸೇತುವೆ. ಮೊದಲನೆಯದು ಭೂತಕಾಲ, ನಡುವಿನದು ವರ್ತಮಾನ, ಕೊನೆಯದು ಭವಿಷ್ಯ. ಮೂರನ್ನೂ ದಾಟಿದ ಮೇಲೆಯೇ ದೇವರ ದರ್ಶನ.

ಈ ದೇವರು ಒಂದು ಕಾಲದಲ್ಲಿ ನಮ್ಮ ನಿಮ್ಮಂತೆ ಮನುಷ್ಯನಾಗಿದ್ದವನು. ಹೆಸರು ಸುಗವಾರ ನೊ ಮಿಚಿಜಾನೆ. ಕ್ರಿ.ಶ. 845ರಲ್ಲಿ ವಿದ್ವಾಂಸರ ಮನೆತನದಲ್ಲಿ ಹುಟ್ಟಿದವನು. ಹನ್ನೊಂದರ ವಯಸ್ಸಿಗೇ ಬೆಳುದಿಂಗಳಲ್ಲಿ ಕಂಡ ಪ್ಲಮ್ ಹೂವಿನ ಮೇಲೆ ಚೀನೀ ಭಾಷೆಯಲ್ಲಿ ಪದ್ಯ ಕಟ್ಟಿದ. 870ರಲ್ಲಿ ಸರ್ಕಾರದ ಅತಿ ಕಠಿಣ ಪರೀಕ್ಷೆಗೆ ಕುಳಿತ. ಪರೀಕ್ಷಕರು ಕೊಟ್ಟದ್ದು ಮಾತ್ರ ಮಧ್ಯಮ ದರ್ಜೆ! ಅವನೇನೂ ಎದೆಗುಂದಲಿಲ್ಲ. ಪ್ರಾಧ್ಯಾಪಕನಾಗಿ, ಮುಂದೆ 899ರಲ್ಲಿ ಚಕ್ರವರ್ತಿಯ ಮಂತ್ರಿಯೂ ಆದ.

ಪಂಡಿತನೊಬ್ಬ ಇಷ್ಟು ಎತ್ತರಕ್ಕೆ ಏರಿದ್ದನ್ನು ಆಸ್ಥಾನದ ಪ್ರಬಲ ಫುಜಿವಾರ ಮನೆತನ ಸಹಿಸಲಿಲ್ಲ. ಚಕ್ರವರ್ತಿಯನ್ನು ಇಳಿಸಲು ಸಂಚು ಹೂಡಿದ್ದಾನೆಂಬ ಸುಳ್ಳು ಆರೋಪ ಹೊರಿಸಿ, 901ರಲ್ಲಿ ಅವನನ್ನು ಕ್ಯೋಟೊದಿಂದ ನೂರಾರು ಕಿ.ಮೀ. ದೂರದ ದಜೈಫುವಿಗೆ ಗಡೀಪಾರು ಮಾಡಿಸಿತು. ಹೊರಡುವ ಮುನ್ನ ಮಿಚಿಜಾನೆ ತನ್ನ ಅಂಗಳದ ಅಚ್ಚುಮೆಚ್ಚಿನ ಪ್ಲಮ್ ಮರಕ್ಕೆ ಪದ್ಯ ಹೇಳಿ ವಿದಾಯ ಕೋರಿದ. ಒಡೆಯನ ಅಗಲಿಕೆ ತಾಳದ ಮರ ಒಂದೇ ರಾತ್ರಿಯಲ್ಲಿ ದಜೈಫುವಿಗೆ ಹಾರಿಬಂತೆಂಬುದು ಐತಿಹ್ಯ. 'ತೊಬಿಉಮೆ', ಎಂದರೆ ಹಾರಿಬಂದ ಪ್ಲಮ್, ಎಂದು ಕರೆಯುವ ಆ ಮರವನ್ನು ಗರ್ಭಗುಡಿಯ ಪಕ್ಕದಲ್ಲಿ ಇಂದಿಗೂ ತೋರಿಸುತ್ತಾರೆ. ಆವರಣದಲ್ಲಿರುವ ಸುಮಾರು 6,000 ಪ್ಲಮ್ ಮರಗಳಲ್ಲಿ ಇದಕ್ಕೇ ಅಗ್ರಪೂಜೆ.

903ರಲ್ಲಿ ಮಿಚಿಜಾನೆ ಗಡೀಪಾರಿನಲ್ಲೇ ಕಣ್ಣು ಮುಚ್ಚಿದ. ಶವವನ್ನು ಹೊತ್ತ ಗಾಡಿಯ ಎತ್ತು ದಾರಿಯಲ್ಲಿ ಮಲಗಿ ಮೇಲೇಳಲೇ ಇಲ್ಲವಂತೆ. ಅಲ್ಲೇ ಸಮಾಧಿ, ಅದರ ಮೇಲೇ ಗುಡಿ. ಇತ್ತ ಕ್ಯೋಟೊದಲ್ಲಿ ಅವನ ವೈರಿಗಳು ಒಬ್ಬೊಬ್ಬರಾಗಿ ಸತ್ತರು. 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಇದು ನೊಂದ ಆತ್ಮದ ಕೋಪವೆಂದು ಬೆದರಿದ ಆಸ್ಥಾನ ಅವನನ್ನು ದೇವರೆಂದು ಪೂಜಿಸತೊಡಗಿತು. ಸಿಡಿಲಿನ ಭಯ ಕಾಲಾಂತರದಲ್ಲಿ ಕರಗಿತು, ವಿದ್ಯೆಯ ಮೇಲಿನ ಭಕ್ತಿ ಉಳಿಯಿತು.

ಈಗಿನ ಗರ್ಭಗುಡಿ ಕಟ್ಟಿದ್ದು 1591ರಲ್ಲಿ. 2023ರಲ್ಲಿ ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದಾಗ ವಾಸ್ತುಶಿಲ್ಪಿ ಸೋ ಫುಜಿಮೊಟೊ ಮುಂದುಗಡೆ ತಾತ್ಕಾಲಿಕ ಗುಡಿಯೊಂದನ್ನು ರೂಪಿಸಿ, ಚಾವಣಿಯ ಮೇಲೆ ಮರಗಳನ್ನೇ ನೆಡಿಸಿದರು. ಹಾರಿಬಂದ ಮರದ ಕಥೆಯೇ ಅದಕ್ಕೆ ಸ್ಫೂರ್ತಿ.

ಪ್ರತಿ ಜನವರಿ 7ರ ಸಂಜೆ ಇಲ್ಲೊಂದು ಸೊಗಸಾದ ಆಚರಣೆ ನಡೆಯುತ್ತದೆ. 'ಉಸೊ' ಎಂಬ ಹಕ್ಕಿಯ ಮರದ ಗೊಂಬೆ ಹಿಡಿದು ನೆರೆದ ಜನ, 'ಬದಲಾಯಿಸೋಣ, ಬದಲಾಯಿಸೋಣ' ಎನ್ನುತ್ತ ಕೈಯಿಂದ ಕೈಗೆ ದಾಟಿಸುತ್ತಾರೆ. ಜಪಾನೀ ಭಾಷೆಯಲ್ಲಿ 'ಉಸೊ' ಎಂದರೆ ಸುಳ್ಳು ಎಂದೂ ಅರ್ಥ. ಹೋದ ವರ್ಷ ಅರಿತೋ ಅರಿಯದೆಯೋ ಆಡಿದ ಸುಳ್ಳನ್ನು ಕೊಟ್ಟು ಸತ್ಯವನ್ನು ಪಡೆಯುವುದೇ ಇದರ ಆಶಯ. ಸುಳ್ಳಿಗೆ ಬಲಿಯಾದವನ ಗುಡಿಯಲ್ಲಿ ಇದಕ್ಕಿಂತ ತಕ್ಕ ಪೂಜೆ ಯಾವುದಿದ್ದೀತು?

ಗುಡಿಯ ಬದಿಯಲ್ಲಿ ಸಾವಿರಾರು ಮರದ ಹಲಗೆಗಳು ತೂಗುತ್ತವೆ. ಒಂದೊಂದರಲ್ಲೂ ಒಂದೊಂದು ಹರಕೆ: ಇಂಥ ಕಾಲೇಜು ಸಿಗಲಿ, ಈ ಸಲವಾದರೂ ತೇರ್ಗಡೆಯಾಗಲಿ. ಕೆಲವು ಮಕ್ಕಳ ಬರಹ, ಕೆಲವು ಅಪ್ಪ ಅಮ್ಮಂದಿರದು. ಬರೆದವರೆಲ್ಲರ ಹರಕೆಯೂ ಈಡೇರುವುದಿಲ್ಲ. ಆದರೆ ಅದನ್ನು ಆಲಿಸುವ ದೇವರಿಗೂ ಒಮ್ಮೆ ಸಿಕ್ಕಿದ್ದು ಮಧ್ಯಮ ದರ್ಜೆಯೇ ಎಂಬುದನ್ನು ನೆನೆದರೆ, ಆ ಮೂರನೆಯ ಸೇತುವೆ ದಾಟುವುದು ಕೊಂಚ ಹಗುರವಾದೀತು.