ಮಳೆ ಬಾರದಿದ್ದರೆ ಪ್ರಾರ್ಥನೆ ಸೋತಂತೆಯೇ?

ತುಂಗಭದ್ರೆಯ ಎಡದಂಡೆ ಕಾಲುವೆ ಗಂಗಾವತಿ ಸೀಮೆಯನ್ನು ಭತ್ತದ ಕಣಜವಾಗಿಸಿದೆ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹೆಚ್ಚಿನ ಹೊಲಗಳು ಇಂದಿಗೂ ಮುಗಿಲನ್ನೇ ನಂಬಿವೆ. ಮುಂಗಾರು ಕೈಕೊಟ್ಟರೆ ಹಂಚಿನ ಮೇಲೆ ಗುರ್ಜಿ ಹೊತ್ತ ಮಕ್ಕಳು ಮನೆಮನೆಗೆ ಬರುತ್ತಾರೆ. ಮನೆಯವರು ಅದರ ಮೇಲೆ ನೀರು ಸುರಿಯುತ್ತಾರೆ. ಗುಡಿಯಲ್ಲಿ ಭಜನೆ, ಬಯಲಿನಲ್ಲಿ ಮಳೆಗಾಗಿ ನಮಾಜು, ಚರ್ಚಿನಲ್ಲಿ ಪ್ರಾರ್ಥನೆ ನಡೆಯುತ್ತವೆ. ಕೊಪ್ಪಳ ತಾಲೂಕಿನ ಹುಲಿಗಿಯಲ್ಲಿ ಹುಲಿಗೆಮ್ಮನಿಗೆ ಹರಕೆ ಹೊತ್ತವರು ದೀಡ ನಮಸ್ಕಾರ ಹಾಕುತ್ತಾರೆ. ಬೇಡಿದ್ದು ಸಿಕ್ಕರೆ ಹರಕೆ ತೀರುತ್ತದೆ. ಸಿಗದಿದ್ದರೆ?

ಈ ಪ್ರಶ್ನೆ ಎಲ್ಲ ಧರ್ಮದವರದೂ ಹೌದು. ಕ್ರೈಸ್ತರಲ್ಲಿ ಅದಕ್ಕೊಂದು ವಿಶೇಷ ರೂಪವಿದೆ: ನಂಬಿಕೆ ಬೆಳೆದಂತೆ ಬೇಡಿದ್ದೆಲ್ಲ ದೊರೆಯುತ್ತದೆಯೇ?

ಕ್ರೈಸ್ತ ಪ್ರಾರ್ಥನೆ ಈ ಸೀಮೆಗೆ ಹೊಸದಲ್ಲ. ಕುಷ್ಟಗಿ ತಾಲೂಕಿನ ಗಡಿಯಾಚೆಯ ಮುದಗಲ್ಲಿನಲ್ಲಿ ಕ್ಯಾಥೊಲಿಕರ ನೆಲೆ 16ನೇ ಶತಮಾನದಷ್ಟು ಹಳೆಯದೆಂದು ಹೇಳಲಾಗುತ್ತದೆ. ಯಲಬುರ್ಗಾದ ಪಶ್ಚಿಮಕ್ಕಿರುವ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ 1841ರಲ್ಲಿ ಕೇಂದ್ರ ತೆರೆಯಿತು.

ಎರಡು ಧ್ವನಿಗಳು

ಪ್ರಾರ್ಥನೆಯ ಫಲದ ಬಗ್ಗೆ ಬೈಬಲಿನಲ್ಲಿ ಎರಡು ಧ್ವನಿಗಳಿವೆ. ಪ್ರವಾದಿ ಎಲೀಯ ಬರಗಾಲದ ಕೊನೆಯಲ್ಲಿ ಮಳೆಗಾಗಿ ಪ್ರಾರ್ಥಿಸುತ್ತಾನೆ. ಸಮುದ್ರದ ಕಡೆ ನೋಡಿ ಬರಲು ಸೇವಕನನ್ನು ಏಳು ಸಲ ಕಳಿಸುತ್ತಾನೆ. ಏಳನೆಯ ಸಲ ಅಂಗೈಯಗಲದ ಮೋಡವೊಂದು ಕಾಣುತ್ತದೆ. ಹಿಂದೆಯೇ ಮಳೆ ಬರುತ್ತದೆ. ಇನ್ನೊಬ್ಬ ಪ್ರವಾದಿ ಹಬಕ್ಕೂಕನ ಧ್ವನಿಯೇ ಬೇರೆ. ಹೊಲ ಬೆಳೆಯದಿದ್ದರೂ, ಹಟ್ಟಿಯಲ್ಲಿ ದನಕುರಿ ಇಲ್ಲವಾದರೂ ತಾನು ದೇವರಲ್ಲೇ ಸಂತೋಷಪಡುವೆ ಎನ್ನುತ್ತಾನೆ ಆತ. ಒಬ್ಬನಿಗೆ ಮಳೆ ಬಂತು, ಇನ್ನೊಬ್ಬನು ಬರಗಾಲದಲ್ಲೂ ಹಾಡಿದ. ಇಬ್ಬರನ್ನೂ ಕ್ರೈಸ್ತರು ನಂಬಿಕಸ್ಥರೆಂದೇ ಓದುತ್ತಾರೆ.

'ನಿನ್ನ ನಂಬಿಕೆ ಸಾಲದು, ಅದಕ್ಕೇ ಫಲವಿಲ್ಲ' ಎಂಬ ಮಾತು ರೋಗಿಯ ಹಾಸಿಗೆಯ ಬಳಿ ಆಗಾಗ ಕೇಳಿಬರುತ್ತದೆ. ನೊಂದವರ ಮೇಲೆ ಇನ್ನೊಂದು ಹೊರೆ ಹೊರಿಸುವ ಮಾತಿದು. ಸಾಸಿವೆ ಕಾಳಿನಷ್ಟು ನಂಬಿಕೆ ಸಾಕೆಂದು ಯೇಸುವೇ ಹೇಳಿದ್ದನ್ನು ಅದು ಮರೆಯುತ್ತದೆ. ಶರೀರದ ಬಾಧೆಯೊಂದು ತೊಲಗಲೆಂದು ಪೌಲ ಮೂರು ಸಲ ಬೇಡಿದ. ಅದು ತೊಲಗಲಿಲ್ಲ, ಸಹಿಸುವ ಬಲ ಸಿಕ್ಕಿತು. ಗೆತ್ಸೇಮನೆ ತೋಟದಲ್ಲಿ ಯೇಸು ಸಂಕಟ ತಪ್ಪಲೆಂದು ಪ್ರಾರ್ಥಿಸಿದ, ಮರುದಿನ ಶಿಲುಬೆಗೇರಿದ. ಇವರ ನಂಬಿಕೆ ಕಡಿಮೆಯಿತ್ತೆಂದು ಯಾವ ಕ್ರೈಸ್ತನೂ ಹೇಳಲಾರ.

ದೇವರ ಉತ್ತರ 'ಆಗಲಿ', 'ಬೇಡ', 'ತಾಳು' ಎಂಬ ಮೂರು ಬಗೆಯದೆಂದು ಬೋಧಕರು ಹೇಳುವುದುಂಟು. ಏನಾದರೂ ಉತ್ತರವೇ ಎಂದಾದರೆ ಬೇಡುವುದಾದರೂ ಯಾಕೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಕ್ರೈಸ್ತ ಪರಂಪರೆ ಇದಕ್ಕೆ ಪುರಾವೆ ಕೊಡುವುದಿಲ್ಲ. ಬೇಡುವವನತ್ತ ಬೆರಳು ತೋರಿಸುತ್ತದೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಚಿತ್ತ ನೆರವೇರಲೆಂಬ ಮಾತು ಮೊದಲು, ರೊಟ್ಟಿಯ ಮಾತು ಆಮೇಲೆ. ರೊಟ್ಟಿಯೂ ಆ ದಿನದ ಮಟ್ಟಿಗೆ ಮಾತ್ರ. ಹಾಗೆಂದು ರೊಟ್ಟಿ ಕೇಳುವುದು ತಪ್ಪೆಂದು ಅದು ಎಲ್ಲೂ ಹೇಳುವುದಿಲ್ಲ.

ರಮಾಬಾಯಿಯವರ ದಾರಿ

ಇದಕ್ಕೆ ಕನ್ನಡ ನೆಲದಲ್ಲೇ ಹುಟ್ಟಿದ ನಿದರ್ಶನ ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದ ಅವರು ತಂದೆ ಅನಂತಶಾಸ್ತ್ರಿ ಡೋಂಗ್ರೆಯವರೊಡನೆ ತೀರ್ಥಕ್ಷೇತ್ರಗಳನ್ನು ಸುತ್ತಿದರು. ಬರಗಾಲದಲ್ಲಿ ಕುಟುಂಬ ವ್ರತ, ಪೂಜೆ, ದಾನಗಳಿಗೆ ಇದ್ದ ಹಣವನ್ನೆಲ್ಲ ವೆಚ್ಚಮಾಡಿತು. ಆದರೂ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು.

1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದರು. ಆಗ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ. ಕ್ರಿಸ್ತನನ್ನು ಕಂಡುಕೊಂಡದ್ದು ಹಲವು ವರ್ಷಗಳ ನಂತರ ಎಂದು ಅವರೇ ಮುಂದೆ ಬರೆದುಕೊಂಡರು. ಅವರ ನಂಬಿಕೆ ಆಳವಾದಂತೆ ಪ್ರಾರ್ಥನೆ ದುಡಿಮೆಯಾಯಿತು. 1896-97ರ ಬರಗಾಲದಲ್ಲಿ ಮಧ್ಯಪ್ರಾಂತದಿಂದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವದ ಅವರ ಮುಕ್ತಿ ಆಶ್ರಮದಲ್ಲಿ 1900ರ ವೇಳೆಗೆ ನಿವಾಸಿಗಳ ಸಂಖ್ಯೆ ಸಾವಿರ ದಾಟಿತ್ತು.

ಅವರ ಮಗಳು ಮನೋರಮಾ 1910ರ ದಶಕದಲ್ಲಿ ಕಲಬುರ್ಗಿಯಲ್ಲಿ ಕ್ರೈಸ್ತ ಶಾಲೆ ತೆರೆಯಲು ನೆರವಾದರು. ಆಗ ಕಲಬುರ್ಗಿ, ಕೊಪ್ಪಳ ಎರಡೂ ನಿಜಾಮ್ ಸಂಸ್ಥಾನದಲ್ಲಿದ್ದವು. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ರಮಾಬಾಯಿಯವರ ನಂಬಿಕೆ ಕದಲಲಿಲ್ಲ. 1922ರ ಏಪ್ರಿಲ್‌ನಲ್ಲಿ ನಿಧನರಾಗುವವರೆಗೆ ಮರಾಠಿ ಬೈಬಲ್ ಅನುವಾದದಲ್ಲಿ ತೊಡಗಿದ್ದರು.

ಬರಗಾಲದಲ್ಲಿ ಹಸಿದು ನೆರವಿಗಾಗಿ ಬೇಡಿದ ಹುಡುಗಿ, ಮುಂದೊಂದು ಬರಗಾಲದಲ್ಲಿ ನೂರಾರು ಹುಡುಗಿಯರಿಗೆ ಅನ್ನವಿಕ್ಕಿದಳು. ಪ್ರಾರ್ಥನೆ ಫಲಿಸಿತೇ ಎಂಬ ಪ್ರಶ್ನೆಗೆ ಆಳವಾದ ಕ್ರೈಸ್ತ ನಂಬಿಕೆ ಕೊಡುವ ಉತ್ತರ ಈ ಬಗೆಯದು. ಮುಗಿಲು ನೋಡುತ್ತಲೇ ಹೊಲ ಹರಗಿ ಸಜ್ಜುಮಾಡುವ ರೈತನಿಗೆ ಇದು ತೀರ ಅಪರಿಚಿತವೇನಲ್ಲ.