ಆ ಸೂಜಿ ಯಾರ ಹೊಣೆ?

ಮೂರು ವರ್ಷದ ಹಿಂದೆ ಅಮ್ಮನ ಜೊತೆ ಒಂದು ನರ್ಸಿಂಗ್ ಹೋಮ್‌ನಲ್ಲಿ ಆರು ರಾತ್ರಿ ಇದ್ದೆ. ಒಂದು ಮುಂಜಾನೆ ಆಯಾ ಬಂದು ಮಂಚದ ಪಕ್ಕದ ಬುಟ್ಟಿಯ ಕವರನ್ನು ಅದುಮಿ ಗಂಟು ಕಟ್ಟಲು ಹೋದವರು ಸರಕ್ಕನೆ ಕೈ ಎಳೆದುಕೊಂಡರು. ಹತ್ತಿಯುಂಡೆಗಳ ನಡುವೆ ಇಂಜೆಕ್ಷನ್ ಸೂಜಿ ಇತ್ತು. ಬೆರಳ ತುದಿಯಲ್ಲಿ ರಕ್ತದ ಹನಿ. ಸೆರಗಿಗೆ ಒರೆಸಿಕೊಂಡು, "ಏನಾಗಲ್ಲ ಬಿಡಕ್ಕ, ದಿನಾ ಇರೋದೇ" ಅಂದು ಮುಂದಿನ ಮಂಚಕ್ಕೆ ಹೋದರು.

ಆ ಸೂಜಿ ಅಲ್ಲಿ ಬೀಳದಂತೆ ನೋಡಿಕೊಳ್ಳುವುದು ಯಾರ ಕೆಲಸ ಎಂದು ಕಾನೂನು ಬರೆದಿಟ್ಟಿದೆ. ಆ ಬರಹ ವಾರ್ಡಿನ ತನಕ ಇಳಿದು ಬಂದಿರುವುದು ಕಡಿಮೆ.

ಪರಿಸರ ಸಂರಕ್ಷಣಾ ಕಾಯ್ದೆಯಡಿ 1998ರಲ್ಲಿ ಮೊದಲು ಬಂದು, 2016ರಲ್ಲಿ ಹೊಸದಾಗಿ ರೂಪಿಸಿದ ಜೀವ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ದೊಡ್ಡಾಸ್ಪತ್ರೆಗಳಿಗಷ್ಟೇ ಸೀಮಿತವಲ್ಲ. ಲ್ಯಾಬ್, ರಕ್ತನಿಧಿ, ಆಯುರ್ವೇದ ಆಸ್ಪತ್ರೆ, ಪಶು ಆಸ್ಪತ್ರೆ, ರಕ್ತದಾನ ಶಿಬಿರ, ಶಾಲೆಯ ಪ್ರಥಮ ಚಿಕಿತ್ಸೆ ಕೋಣೆ ಎಲ್ಲವೂ ಇದರೊಳಗೆ ಬರುತ್ತವೆ. ಒಂದೂ ಹಾಸಿಗೆಯಿಲ್ಲದ ಕ್ಲಿನಿಕ್ ಕೂಡ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆಯಬೇಕು. ಸಂಸ್ಥೆಯ ಆಡಳಿತ ಯಾರ ಕೈಯಲ್ಲಿದೆಯೋ ಹೊಣೆಯೂ ಅವರದೇ. ತ್ಯಾಜ್ಯವನ್ನು ಸರಿಯಾಗಿ ನಿಭಾಯಿಸದೆ ಜನರಿಗೋ ಪರಿಸರಕ್ಕೋ ಹಾನಿಯಾದರೆ ಉತ್ತರ ಕೊಡಬೇಕಾದವರೂ ಅವರೇ.

ಈ ನಿಯಮಗಳಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ಪದ: 'ಇತರರು'. ಆರೋಗ್ಯ ಸಿಬ್ಬಂದಿಗೆ ಮತ್ತು ತ್ಯಾಜ್ಯ ಮುಟ್ಟುವ ಇತರರಿಗೆ ಕೆಲಸಕ್ಕೆ ಸೇರಿದಾಗ ತರಬೇತಿ ಕೊಡಬೇಕು, ಆಮೇಲೆ ವರ್ಷಕ್ಕೊಮ್ಮೆಯಾದರೂ ಕೊಡಬೇಕು. ಆರೋಗ್ಯ ತಪಾಸಣೆಯೂ ಹಾಗೆಯೇ. ಗ್ಲೌಸ್, ಬೂಟು, ಮಾಸ್ಕ್ ಸಂಸ್ಥೆಯೇ ಕೊಡಬೇಕು. ಹೆಪಟೈಟಿಸ್ ಬಿ ಮತ್ತು ಟೆಟನಸ್ ಲಸಿಕೆ ಹಾಕಿಸಬೇಕು. ಏಜೆನ್ಸಿ ಕಳಿಸಿದ ಹೌಸ್‌ಕೀಪಿಂಗ್ ಹುಡುಗನೂ ಆ 'ಇತರರು' ಒಳಗೇ ಇದ್ದಾನೆ. "ಅವರು ಕಂಟ್ರಾಕ್ಟ್‌ನವರು" ಎಂದು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಲಸಿಕೆಯ ಮಾತು ಸುಮ್ಮನೆ ಬಂದದ್ದೂ ಅಲ್ಲ. ಎಚ್‌ಐವಿ ಇರುವ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಬಿ ಆದರೆ, ಲಸಿಕೆ ಆಗದವರಿಗೆ ನೂರಕ್ಕೆ 30ರವರೆಗೆ ಹೋಗುತ್ತದೆ.

ಇನ್ನು ಬಣ್ಣಗಳು. ರಕ್ತ ಅಂಟಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಡ್ರಿಪ್ ಟ್ಯೂಬು, ಮೂತ್ರದ ಚೀಲ, ಸೂಜಿ ತೆಗೆದ ಸಿರಿಂಜು, ಗ್ಲೌಸ್ ಕೆಂಪಿಗೆ. ಗಾಜಿನ ಔಷಧಿ ಬಾಟಲಿ ನೀಲಿ ಗುರುತಿನ ಡಬ್ಬಕ್ಕೆ. ಸೂಜಿ, ಬ್ಲೇಡು ಮಾತ್ರ ಚುಚ್ಚಿದರೂ ತೂತಾಗದ, ಒಳಗಿನದು ಕಾಣುವ ಬಿಳಿ ಡಬ್ಬಕ್ಕೆ. ಈ ವಿಂಗಡಣೆ ಕಸ ಹುಟ್ಟಿದ ಜಾಗದಲ್ಲೇ ಆಗಬೇಕು. ಎಂದರೆ ಇಂಜೆಕ್ಷನ್ ಕೊಟ್ಟ ಕೈಯೇ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ, ಅಲ್ಲಿಯೇ ಕಟರ್‌ಗೆ ಒಡ್ಡಿ ಡಬ್ಬಕ್ಕೆ ಬೀಳಿಸಬೇಕು. ಆಯಾ ಹೆಕ್ಕಿ ಬೇರ್ಪಡಿಸುವ ಪ್ರಶ್ನೆಯೇ ಬರಬಾರದು. ರಕ್ತ ಅಂಟಿದ ಹತ್ತಿ, ಬ್ಯಾಂಡೇಜಿನಂಥ ತ್ಯಾಜ್ಯವನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ರಿಜಿಸ್ಟರನ್ನು ದಿನವೂ ಬರೆಯಬೇಕು. ಸೂಜಿ ಚುಚ್ಚಿದಂಥ ಅವಘಡಗಳೂ ವರದಿಯಲ್ಲಿ ಬರಬೇಕು. ಆ ವಾರ್ಷಿಕ ವರದಿ ಜೂನ್ 30ರೊಳಗೆ ಮಂಡಳಿಗೆ ತಲುಪಬೇಕು.

ಚುಚ್ಚಿಯೇ ಬಿಟ್ಟರೆ? 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೋಂಕು ತಗಲುವ ಅಪಾಯವಿರುವ ಕೆಲಸದ ಜಾಗದಲ್ಲಿ ರಕ್ಷಣಾ ಸಾಮಗ್ರಿ, ಅದನ್ನು ಬಳಸುವ ತರಬೇತಿ, ಚುಚ್ಚಿದ ಮೇಲೆ ಕೊಡುವ ತಡೆ ಔಷಧಿ ಇವು ಮೂರನ್ನೂ ಒದಗಿಸುವುದು ಸಂಸ್ಥೆಯ ಕರ್ತವ್ಯ. ಚುಚ್ಚಿದ ಜಾಗವನ್ನು ಮೊದಲು ಹರಿಯುವ ನೀರು, ಸೋಪಿನಲ್ಲಿ ತೊಳೆಯಬೇಕು. ಹಿಂಡಬಾರದು, ಬೆರಳನ್ನು ಬಾಯಿಗಿಡಬಾರದು. ಔಷಧಿ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಫಲವಿಲ್ಲ, ಒಟ್ಟು 28 ದಿನ ನುಂಗಬೇಕು. ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಇದು ಉಚಿತ. ನಮ್ಮ ವಾರ್ಡಿನ ನಲ್ಲಿ ಆ ಮಂಚದಿಂದ ಹತ್ತು ಹೆಜ್ಜೆ ದೂರದಲ್ಲಿತ್ತು.

ಇದೇ ಕಾಯ್ದೆ, ರೋಗಿಯ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವುದನ್ನೂ, ಚಿಕಿತ್ಸೆಗೆ ಅದನ್ನು ಷರತ್ತು ಮಾಡುವುದನ್ನೂ ತಡೆಯುತ್ತದೆ. ಸುರಕ್ಷತೆಗಾಗಿ ಎಲ್ಲರನ್ನೂ ಪರೀಕ್ಷಿಸಬೇಕು ಎನ್ನುವವರಿದ್ದಾರೆ. ಆದರೆ ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆಯಲ್ಲಿ ಅದು ಕಾಣದೇ ಹೋಗಬಹುದು. ಹಾಗಾಗಿ ಪ್ರತಿಯೊಬ್ಬರ ರಕ್ತವನ್ನೂ ಒಂದೇ ಎಚ್ಚರದಿಂದ ಮುಟ್ಟುವುದೇ ದಾರಿ.

ಆಸ್ಪತ್ರೆಯಲ್ಲಿ ಹತ್ತಿದ ಸೋಂಕೆಲ್ಲ ವೈದ್ಯರ ತಪ್ಪಲ್ಲ, ಇದನ್ನು ರೋಗಿಯ ಕಡೆಯವರು ಒಪ್ಪಬೇಕು. ನಿರ್ಲಕ್ಷ್ಯದಿಂದಲೇ ಆಯಿತು ಎಂದು ತೋರಿಸಬೇಕಾಗುತ್ತದೆ, ಆದ್ದರಿಂದ ಕೇಸ್ ಶೀಟಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಹಣ ತೆಗೆದುಕೊಂಡು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಖಾಸಗಿ ಆಸ್ಪತ್ರೆಯ ಮೇಲಿನ ದೂರಿಗೆ ಕರ್ನಾಟಕದಲ್ಲಿ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರವಿದೆ. ತ್ಯಾಜ್ಯದ ವಿಚಾರವಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಫೋಟೋ, ದಿನಾಂಕ ಸಮೇತ ಬರೆದುಕೊಡಿ. ಪರಿಸರ ಕಾಯ್ದೆಯಡಿ ದಂಡ ಈಗ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ಇದೆ.