ಬೆಳಕಿನ ಕಂಪನಾಂಕ ಮತ್ತು ತೀವ್ರತೆ

ಆವತಿಯ ಬೆಟ್ಟದ ಮೇಲೆ ನಿಂತು ಸೂರ್ಯಾಸ್ತವನ್ನು ನೋಡುವವರಿಗೆ ಎರಡು ಮಾರ್ಪಾಟುಗಳು ಒಟ್ಟಿಗೆ ಕಾಣುವುವು: ಬೆಳಕು ಕುಂದುವುದು, ಬೆಳಕು ಕೆಂಪಾಗುವುದು. ಇವೆರಡೂ ಒಂದೇ ಎಂದು ಭಾವಿಸುವುದು ಸುಲಭ. ಆದರೆ ಈ ಭೇದವನ್ನರಿಯದೆ ಇಪ್ಪತ್ತನೆಯ ಶತಮಾನದ ವಿಜ್ಞಾನದ ಚರಿತ್ರೆಯನ್ನು ನಾವು ಗ್ರಹಿಸಲಾರೆವು.

ಬೆಳಕಿನ ಶಕ್ತಿಯು ಬಿಡಿಬಿಡಿಯಾದ ಕಣಗಳಂತೆ ವರ್ತಿಸುವುದೆಂದು ಐನ್‌ಸ್ಟೈನನು 1905ರಲ್ಲಿ ಪ್ರತಿಪಾದಿಸಿದನು. ಈ ಕಣಕ್ಕೆ ಈಗ ಫೋಟಾನ್ ಎಂದು ಹೆಸರು. ಬೆಳಕಿನ ಕಂಪನಾಂಕವನ್ನು ಪ್ಲಾಂಕನ ನಿಯತಾಂಕದಿಂದ ಗುಣಿಸಿದರೆ ಒಂದು ಫೋಟಾನಿನ ಶಕ್ತಿ ದೊರೆಯುವುದು. 700 ನ್ಯಾನೊಮೀಟರ್ ತರಂಗಾಂತರದ ಕೆಂಪು ಫೋಟಾನಿನಲ್ಲಿ ಸುಮಾರು 1.77 ಇಲೆಕ್ಟ್ರಾನ್ ವೋಲ್ಟ್, 400 ನ್ಯಾನೊಮೀಟರಿನ ನೇರಳೆ ಫೋಟಾನಿನಲ್ಲಿ 3.10 ಇಲೆಕ್ಟ್ರಾನ್ ವೋಲ್ಟ್ ಶಕ್ತಿಯುಂಟು. ತೀವ್ರತೆಯಾದರೋ, ಒಂದು ಚದರ ಮೀಟರಿನ ಮೇಲೆ ಒಂದು ಸೆಕೆಂಡಿನಲ್ಲಿ ಬೀಳುವ ಶಕ್ತಿಯ ಮೊತ್ತ. ಆದುದರಿಂದ ಸಮಾನ ತೀವ್ರತೆಯುಳ್ಳ ಈ ಎರಡು ಬೆಳಕುಗಳಲ್ಲಿ, ಕೆಂಪಿನ 7 ಫೋಟಾನುಗಳಿಗೆ ನೇರಳೆಯ 4 ಸಮವಾಗುವುವು. ಸಂಜೆ ವಾಯುಮಂಡಲವು ನೀಲಿ ಫೋಟಾನುಗಳನ್ನು ಹೆಚ್ಚಾಗಿ ಚದುರಿಸುವುದು. ಉಳಿದು ಬರುವ ಕೆಂಪು ಫೋಟಾನಿನ ಶಕ್ತಿಯು ಅದೇ ಕಂಪನಾಂಕದ ಮಧ್ಯಾಹ್ನದ ಫೋಟಾನಿನಷ್ಟೇ.

ಆವತಿ ನಾಡಪ್ರಭುಗಳ ಚರಿತ್ರೆಯನ್ನು ಓದುವ ನಮಗೆ 10 ಹಣಕ್ಕೆ 1 ವರಹವೆಂಬ ಹಳೆಯ ಲೆಕ್ಕ ಪರಿಚಿತವಾದುದು. ಬೊಕ್ಕಸದಲ್ಲಿ ಹಣಗಳೆಷ್ಟೇ ಇರಲಿ, ಒಂದೊಂದು ಹಣದ ಬೆಲೆ ಹೆಚ್ಚದು. ಸೀಸಿಯಂ ಲೋಹದಿಂದ ಇಲೆಕ್ಟ್ರಾನನ್ನು ಹೊರಡಿಸಲು ಸುಮಾರು 2.1 ಇಲೆಕ್ಟ್ರಾನ್ ವೋಲ್ಟ್ ಬೇಕು. ಸಾಮಾನ್ಯವಾಗಿ ಒಂದೇ ಫೋಟಾನು ಈ ಬೆಲೆಯನ್ನು ಪೂರ್ತಿಯಾಗಿ ತೆರಬೇಕು, ಚಿಲ್ಲರೆಯನ್ನು ಕೂಡಿಸುವಂತಿಲ್ಲ. ಮೇಲೆ ಹೇಳಿದ ಕೆಂಪು ಬೆಳಕು ಎಷ್ಟು ಪ್ರಖರವಾದರೂ ಸೋಲುವುದು, ಮಂದವಾದ ನೇರಳೆ ಗೆಲ್ಲುವುದು. ತೀವ್ರತೆ ಹೆಚ್ಚಿದರೆ ಹೊರಡುವ ಇಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುವುದಲ್ಲದೆ ಅವುಗಳ ಗರಿಷ್ಠ ಶಕ್ತಿ ಹೆಚ್ಚದೆಂಬುದನ್ನು ಲೆನಾರ್ಡನು 1902ರಲ್ಲಿಯೇ ಕಂಡಿದ್ದನು.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಪಾಲುಂಟು. ಆವತಿಗೆ ದಕ್ಷಿಣದಲ್ಲಿರುವ ಬೆಂಗಳೂರಿನಲ್ಲಿ, 1928ರ ಮಾರ್ಚ್ 16ರಂದು, ಸರ್ ಸಿ. ವಿ. ರಾಮನ್ನರು ತಾವು ಕಲ್ಕತ್ತೆಯಲ್ಲಿ ಕಂಡ ಹೊಸ ವಿಕಿರಣವನ್ನು ಕುರಿತು ಉಪನ್ಯಾಸ ಮಾಡಿದರು. ಪಾದರಸ ದೀಪದ 435.8 ನ್ಯಾನೊಮೀಟರಿನ ಬೆಳಕು ಬೆಂಜೀನಿನಲ್ಲಿ ಚದುರಿದಾಗ, ಕೆಲವೇ ಫೋಟಾನುಗಳು ಸುಮಾರು 0.12 ಇಲೆಕ್ಟ್ರಾನ್ ವೋಲ್ಟನ್ನು ಅಣುವಿನ ಕಂಪನಕ್ಕೆ ಕೊಟ್ಟು, ಸುಮಾರು 455.5 ನ್ಯಾನೊಮೀಟರಿನವಾಗಿ ಹೊರಬರುವುವು. ಈ ಬೆಳಕು ಅತಿ ಕ್ಷೀಣವಾದುದು. ದೀಪವನ್ನು ಪ್ರಖರಗೊಳಿಸಿದರೆ ಇಂತಹ ಫೋಟಾನುಗಳ ಸಂಖ್ಯೆ ಏರುವುದು. ಒಂದೊಂದು ತೆತ್ತ 0.12 ಮಾತ್ರ ಬದಲಾಗದು. ಅಣುವಿನ ಗುರುತು ಕಂಪನಾಂಕದ ಈ ವ್ಯತ್ಯಾಸದಲ್ಲಿಯೇ ಇರುವುದರಿಂದ ರಾಮನ್ ಪರಿಣಾಮವು ರಸಾಯನಶಾಸ್ತ್ರಕ್ಕೂ ಸಾಧನವಾಯಿತು. ಬೆಳಕು ‘ಪ್ರಬಲ’ವೆಂದು ಓದಿದಾಗಲೆಲ್ಲ, ಅದು ಫೋಟಾನುಗಳ ಸಂಖ್ಯೆಯ ಮಾತೋ, ಒಂದೊಂದರ ಶಕ್ತಿಯ ಮಾತೋ ಎಂದು ವಿದ್ಯಾರ್ಥಿಗಳು ಮೊದಲು ವಿಚಾರಿಸಬೇಕು.